ಬೈಕಿಗೆ ಬೇರೆ ಸೈಲೆನ್ಸರ್: ಹಾಕಿಸುವ ಮುಂಚೆ ಅಂಗಡಿಯಲ್ಲಿ ಕೇಳಬೇಕಾದದ್ದು

ಬೆಳಿಗ್ಗೆ 5 ಗಂಟೆ 40 ನಿಮಿಷ. ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿ. ಹಾಲಿನ ಬೂತಿನ ಶಟರ್ ಅರ್ಧ ಎದ್ದಿತ್ತು, ಪೇಪರ್ ಹುಡುಗ ಇನ್ನೂ ಬಂದಿರಲಿಲ್ಲ. ನನ್ನ 350 ಸಿ.ಸಿ. ಬೈಕನ್ನು ಗೇಟಿನಿಂದ ಆಚೆ ತಳ್ಳಿ ಸ್ಟಾರ್ಟ್ ಮಾಡಿದೆ. ಹಿಂದಿನ ದಿನ ತಾನೇ ಕಂಪನಿ ಸೈಲೆನ್ಸರ್ ತೆಗೆಸಿ ಶಾರ್ಟ್ ಬಾಟಲ್ ಅನ್ನುವ ಗಿಡ್ಡ ಸೈಲೆನ್ಸರ್ ಹಾಕಿಸಿದ್ದೆ. ಆ ಡಬ್ ಡಬ್ ಶಬ್ದ ಎದುರಿನ ಕಾಂಪೌಂಡ್ ಗೋಡೆಗೆ ಬಡಿದು ವಾಪಸ್ ಬಂದಾಗ ಮೈ ಜುಮ್ ಅಂದಿತು. ನಿಜವಾಗಲೂ ಖುಷಿಯಾಯಿತು.

ಸಂಜೆ ಎದುರು ಮನೆಯ ಅಜ್ಜಿ ಗೇಟ್ ಹತ್ತಿರ ಬಂದರು. ಬೈಯಲಿಲ್ಲ. "ಗಾಡಿ ಏನಾದ್ರೂ ಕೆಟ್ಟಿದೆಯೇನಪ್ಪಾ?" ಅಂದರು. "ನಮ್ಮ ಯಜಮಾನ್ರಿಗೆ ಆಪರೇಷನ್ ಆಗಿ ನಾಲ್ಕು ದಿನ. ರಾತ್ರಿಯೆಲ್ಲಾ ನೋವು ಅಂತಾರೆ, ಬೆಳಗಿನ ಜಾವ ಒಂಚೂರು ಕಣ್ಣು ಹತ್ತೋದು. ಇವತ್ತು ಅದೂ ಆಗಲಿಲ್ಲ." ಇಷ್ಟು ಹೇಳಿ ಒಳಗೆ ಹೋದರು.

ಮಾರನೇ ದಿನದಿಂದ ಬೈಕನ್ನು ಬೀದಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ ಅಲ್ಲಿ ಸ್ಟಾರ್ಟ್ ಮಾಡತೊಡಗಿದೆ. ಆದರೆ ಆ ತುದಿಯಲ್ಲೂ ಮನೆಗಳಿವೆ ಅಲ್ವಾ? ಒಂದು ವಾರಕ್ಕೆ ಆ ಸೈಲೆನ್ಸರ್ ಬಿಚ್ಚಿಸಿದೆ. ಆಮೇಲೆ ಈ ವಿಷಯವನ್ನು ಸರಿಯಾಗಿ ಓದಿದೆ, ಮೆಕ್ಯಾನಿಕ್‌ಗಳ ಜೊತೆ ಕೂತೆ, ಬೇರೆ ಬೇರೆ ಸೈಲೆನ್ಸರ್ ಹಾಕಿ ನೋಡಿದೆ. ನನಗೆ ಅರ್ಥವಾದದ್ದು ಇಷ್ಟು. ಸೈಲೆನ್ಸರ್ ಬದಲಿಸುವುದು ತಪ್ಪೇನಲ್ಲ. ಆದರೆ ಈ ದೇಶದಲ್ಲಿ ಅದನ್ನು ಸರಿಯಾಗಿ ಮಾಡಬೇಕು ಅಂದುಕೊಂಡವನಿಗೆ ದಾರಿ ತೋರಿಸುವವರು ಯಾರೂ ಇಲ್ಲ, ತಪ್ಪಾಗಿ ಮಾಡುವುದಕ್ಕೆ ಮಾತ್ರ ಎಲ್ಲ ಅನುಕೂಲವೂ ಇದೆ.

ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ಪೊಲೀಸರು ರೋಡ್ ರೋಲರ್ ಹತ್ತಿಸುವ ವಿಡಿಯೊ ನೀವೂ ನೋಡಿರುತ್ತೀರಿ. ನಮ್ಮ ರಾಜ್ಯದ ಎಷ್ಟೋ ಊರುಗಳಲ್ಲಿ ಇದು ನಡೆದಿದೆ. ಕೆಳಗೆ ಕಾಮೆಂಟುಗಳಲ್ಲಿ ಅರ್ಧ ಜನ ಚಪ್ಪಾಳೆ ತಟ್ಟುತ್ತಾರೆ, ಇನ್ನರ್ಧ ಜನ "ಮಾರುವವರನ್ನು ಯಾಕೆ ಹಿಡಿಯಲ್ಲ" ಅಂತ ಕೇಳುತ್ತಾರೆ. ಇಬ್ಬರ ಮಾತಲ್ಲೂ ನ್ಯಾಯ ಇದೆ.

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಆರ್‌ಸಿಯಲ್ಲಿ ಸೈಲೆನ್ಸರ್ ಬಗ್ಗೆ ಒಂದು ಸಾಲೂ ಇರಲ್ಲ, ಹಾಗಾಗಿ ಇದು ನಮಗೆ ಅನ್ವಯಿಸಲ್ಲ ಅಂತ ವಾದ ಮಾಡುವವರಿದ್ದಾರೆ. ಆ ವಾದವನ್ನು ನಂಬಿಕೊಂಡು ಕೂರಬೇಡಿ. ಯಾಕೆಂದರೆ ನಿಮ್ಮನ್ನು ಹಿಡಿಯಲು ಸೆಕ್ಷನ್ 52 ಬೇಕಾಗೇ ಇಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು 1989ರ 120ನೇ ನಿಯಮ ನೇರವಾಗಿ ಸೈಲೆನ್ಸರ್ ಬಗ್ಗೆಯೇ ಇದೆ: ಪ್ರತಿ ಗಾಡಿಗೂ ಶಬ್ದ ಕಡಿಮೆ ಮಾಡುವ ಸೈಲೆನ್ಸರ್ ಇರಬೇಕು, ಶಬ್ದ ನಿಗದಿಯಾದ ಮಿತಿಯೊಳಗೆ ಇರಬೇಕು. ಆ ಮಿತಿ ಮೀರಿದರೆ ಸೆಕ್ಷನ್ 190(2). 2019ರ ತಿದ್ದುಪಡಿ ಆದಮೇಲೆ ಇದಕ್ಕೆ ಮೊದಲ ಸಲ 10,000 ರೂಪಾಯಿವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು ಅಥವಾ ಎರಡೂ, ಜೊತೆಗೆ 3 ತಿಂಗಳು ಡಿಎಲ್ ಅನರ್ಹ. ಅದೇ ತಿದ್ದುಪಡಿಯಲ್ಲಿ ಬಂದ 182ಎ(4) ಪ್ರಕಾರ, ಅನುಮತಿಯಿಲ್ಲದೆ ಗಾಡಿಗೆ ಏನಾದರೂ ಬದಲಿಸಿ ಕೂರಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ರಸ್ತೆಯಲ್ಲೇ ಕಟ್ಟಿಸಿಕೊಳ್ಳುವ ದಂಡ ಎಷ್ಟು ಅನ್ನುವುದನ್ನು ಆಯಾ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ, ಅದು ಬೇರೆ ಮಾತು.

ಹಾಗಾದರೆ ಆ ಶಬ್ದದ ಮಿತಿ ಎಷ್ಟು? 80 ಸಿ.ಸಿ.ವರೆಗಿನ ದ್ವಿಚಕ್ರ ವಾಹನಕ್ಕೆ 75 ಡೆಸಿಬೆಲ್. 80ರಿಂದ 175 ಸಿ.ಸಿ.ವರೆಗೆ 77. 175 ಸಿ.ಸಿ. ಮೇಲೆ 80. ಇದನ್ನು ಅಳೆಯುವುದು ಗಾಡಿ ಓಡುವಾಗ. ಬಯಲು ಜಾಗದಲ್ಲಿ, ಸುತ್ತ ಗೋಡೆ ಇಲ್ಲದ ಕಡೆ, ಬೈಕು ಹೋಗುವ ಗೆರೆಯಿಂದ 7.5 ಮೀಟರ್ ದೂರದಲ್ಲಿ ಮೈಕ್ ಇಟ್ಟು, ಬೈಕು ಆಕ್ಸಿಲರೇಟರ್ ಪೂರ್ತಿ ತಿರುಗಿಸಿಕೊಂಡು ಹಾದುಹೋಗುವಾಗ ಬರುವ ಶಬ್ದವನ್ನು ದಾಖಲಿಸುತ್ತಾರೆ. ಪುಣೆಯ ಎಆರ್‌ಎಐ, ಮಾನೇಸರ್‌ನ ಐಕ್ಯಾಟ್ ಥರದ ಸಂಸ್ಥೆಗಳಲ್ಲಿ ಹೊಸ ಮಾಡೆಲ್‌ಗಳಿಗೆ ಈ ಪರೀಕ್ಷೆ ನಡೆಯುತ್ತದೆ.

ಡೆಸಿಬೆಲ್ ಲೆಕ್ಕ ನಮ್ಮ ಮಾಮೂಲಿ ಲೆಕ್ಕದ ಥರ ಅಲ್ಲ. 80 ಇದ್ದದ್ದು 83 ಆದರೆ ಶಬ್ದದ ಶಕ್ತಿ ಎರಡರಷ್ಟಾಯಿತು. ಅಂದರೆ ಒಂದೇ ಥರದ ಎರಡು ಬೈಕು ಒಟ್ಟಿಗೆ ಹೋದ ಹಾಗೆ. 90 ಆದರೆ ಹತ್ತು ಬೈಕು ಒಟ್ಟಿಗೆ ಹೋದ ಹಾಗೆ. ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಹಾಗಾಗಿ "ಹತ್ತು ಡೆಸಿಬೆಲ್ ತಾನೇ ಜಾಸ್ತಿ" ಅನ್ನುವ ಮಾತಿಗೆ ಅರ್ಥವಿಲ್ಲ. ಇನ್ನೊಂದು ಕಡೆ, 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇರಬೇಕಾದ ಮಟ್ಟ 45 ಡೆಸಿಬೆಲ್. ಅದು ಇಡೀ ಅವಧಿಯ ಸರಾಸರಿ, ಬೈಕಿನದು ಒಂದು ಕ್ಷಣದ ಶಬ್ದ, ಎರಡನ್ನೂ ನೇರವಾಗಿ ಹೋಲಿಸಲು ಆಗಲ್ಲ. ಆದರೂ 5:40 ಅನ್ನುವುದು ಇನ್ನೂ ರಾತ್ರಿಯ ಲೆಕ್ಕದಲ್ಲೇ ಇದೆ ಅನ್ನುವುದು ನನಗೆ ಆ ನಿಯಮ ಓದಿದಾಗಲೇ ಹೊಳೆದದ್ದು.

ಈಗ ಅಸಲಿ ಪ್ರಶ್ನೆ. ನಾವು ಸೈಲೆನ್ಸರ್ ಯಾಕೆ ಬದಲಿಸುತ್ತೇವೆ? ಕೇಳಿದರೆ ಹತ್ತರಲ್ಲಿ ಎಂಟು ಜನ "ಪಿಕಪ್ ಜಾಸ್ತಿ ಆಗತ್ತೆ" ಅಂತಾರೆ. ಈ ನಂಬಿಕೆ ಎಲ್ಲಿಂದ ಬಂತು ಅನ್ನುವುದಕ್ಕೆ ಮೈಸೂರಿನವನಾಗಿ ನನ್ನದೊಂದು ವಿವರಣೆ ಇದೆ. 1961ರಿಂದ 1996ರವರೆಗೆ ನಮ್ಮೂರಿನಲ್ಲೇ ಜಾವಾ, ಯೆಜ್ಡಿ ಬೈಕುಗಳು ತಯಾರಾದವು. ಒಂದು ಸಿಲಿಂಡರ್, ಎರಡು ಸೈಲೆನ್ಸರ್. ಆಮೇಲೆ 80ರ ದಶಕದಲ್ಲಿ ಆರ್‌ಎಕ್ಸ್ 100 ಬಂತು. ಇವೆಲ್ಲ ಟೂ ಸ್ಟ್ರೋಕ್ ಗಾಡಿಗಳು. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಇಂಜಿನ್ನಿನದೇ ಒಂದು ಭಾಗ. ಅಲ್ಲಿ ಹೊಗೆ ಹೋಗುವ ದಾರಿಯನ್ನು ಮುಚ್ಚಲು ವಾಲ್ವ್ ಇಲ್ಲ. ಸುಡದ ಪೆಟ್ರೋಲ್ ಗಾಳಿಯೂ ಹೊಗೆಯ ಜೊತೆ ಆಚೆ ಓಡಿಹೋಗಲು ನೋಡುತ್ತದೆ. ಹೊಟ್ಟೆ ಉಬ್ಬಿದ ಪೈಪಿನ ಆಕಾರದಿಂದ ಒತ್ತಡದ ಅಲೆ ವಾಪಸ್ ಬಂದು ಅದನ್ನು ಮತ್ತೆ ಸಿಲಿಂಡರಿನೊಳಗೆ ತಳ್ಳುತ್ತದೆ. ಹಾಗಾಗಿ ಅಲ್ಲಿ ಪೈಪ್ ಬದಲಿಸಿದರೆ ಗಾಡಿಯ ಎಳೆತವೇ ಬದಲಾಗುತ್ತಿತ್ತು. ಅದು ನಿಜ. ಅಪ್ಪ, ಮಾವ, ಅಣ್ಣಂದಿರು ಹೇಳಿದ ಆ ಮಾತು ಹಾಗೇ ಫೋರ್ ಸ್ಟ್ರೋಕ್ ಕಾಲಕ್ಕೂ ಬಂದುಬಿಟ್ಟಿತು.

ಫೋರ್ ಸ್ಟ್ರೋಕ್‌ನಲ್ಲಿ ವಾಲ್ವ್‌ಗಳಿವೆ. ಇಲ್ಲೂ ಅಲೆಗಳ ಆಟ ಇದೆ, ಇಲ್ಲ ಅಂತಲ್ಲ. ಹೊಗೆಯ ವಾಲ್ವ್ ಮುಚ್ಚುವ ಮುಂಚೆಯೇ ಗಾಳಿಯ ವಾಲ್ವ್ ತೆರೆಯುವ ಒಂದು ಸಣ್ಣ ಹೊತ್ತಿದೆ. ಆ ಹೊತ್ತಿಗೆ ಸರಿಯಾಗಿ ಪೈಪಿನ ಕಡೆಯಿಂದ ಎಳೆಯುವ ಅಲೆ ಬಂದರೆ ಹಳೆ ಹೊಗೆ ಪೂರ್ತಿ ಆಚೆ ಹೋಗಿ ಹೊಸ ಗಾಳಿ ಚೆನ್ನಾಗಿ ಒಳಗೆ ಬರುತ್ತದೆ. ಅದು ಯಾವ ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಆಗಬೇಕು ಅನ್ನುವುದನ್ನು ಮುಖ್ಯವಾಗಿ ನಿರ್ಧರಿಸುವುದು ಇಂಜಿನ್ನಿನಿಂದ ಹೊರಡುವ ಬೆಂಡ್ ಪೈಪಿನ ಉದ್ದ ಮತ್ತು ದಪ್ಪ. ಕೊನೆಯಲ್ಲಿ ನೇತಾಡುವ, ಶಬ್ದ ತಗ್ಗಿಸುವ ಡಬ್ಬ, ಅಂದರೆ ಮಫ್ಲರ್ ಅಲ್ಲ. "ಬ್ಯಾಕ್ ಪ್ರೆಷರ್ ಬೇಕು ಅಣ್ಣ, ಇಲ್ಲದಿದ್ರೆ ಎಳೆಯಲ್ಲ" ಅಂತ ಮೆಕ್ಯಾನಿಕ್ ಹೇಳುತ್ತಾರಲ್ಲ, ಅವರು ಕಂಡ ಪರಿಣಾಮ ನಿಜ, ಕಾರಣ ಬೇರೆ. ಇಂಜಿನ್ನಿಗೆ ತಡೆ ಬೇಕಾಗಿಲ್ಲ. ದಪ್ಪ ಪೈಪ್ ಹಾಕಿದಾಗ ಹೊಗೆಯ ವೇಗ ಕಡಿಮೆಯಾಗಿ, ಅಲೆಯ ಹೊಂದಾಣಿಕೆ ಮೇಲಿನ ಆರ್‌ಪಿಎಂಗೆ ಹೋಗಿಬಿಡುತ್ತದೆ. ಕೆಳಗೆ ಸೊರಗುತ್ತದೆ.

ಉದಾಹರಣೆಗೆ ಈಗಿನ ಕ್ಲಾಸಿಕ್ 350 ತೆಗೆದುಕೊಳ್ಳಿ. ಸುಮಾರು 20 ಅಶ್ವಶಕ್ತಿ, 4,000 ಆರ್‌ಪಿಎಂನಲ್ಲಿ 27 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಆ ಗಾಡಿಯ ಸೊಗಸೇ ಕೆಳಗಿನ ಎಳೆತ. ಚಾಮುಂಡಿ ಬೆಟ್ಟವನ್ನು ಹಿಂದೆ ಒಬ್ಬರನ್ನು ಕೂರಿಸಿಕೊಂಡು ಮೂರನೇ ಗೇರಿನಲ್ಲೇ ಹತ್ತುವ ಗಾಡಿ ಅದು. ಅದಕ್ಕೆ ದಪ್ಪ ಬೆಂಡ್ ಪೈಪ್ ಹಾಕಿ ಮೇಲಿನ ಆರ್‌ಪಿಎಂನಲ್ಲಿ ಅರ್ಧ ಅಶ್ವಶಕ್ತಿ ಹುಡುಕಿದರೆ ಇರುವುದನ್ನೂ ಕಳೆದುಕೊಂಡ ಹಾಗೆ. ಮಫ್ಲರ್ ಮಾತ್ರ ಬದಲಿಸಿದರೆ ಒಂದು ಅಶ್ವಶಕ್ತಿ ಸಿಕ್ಕರೆ ಅದೇ ದೊಡ್ಡದು, ಓಡಿಸುವವನಿಗೆ ಅದು ಗೊತ್ತಾಗುವುದೂ ಇಲ್ಲ. ಜಾಸ್ತಿ ಶಬ್ದ ಬಂದಾಗ ಗಾಡಿ ಜೋರಾಗಿ ಹೋಗುತ್ತಿದೆ ಅಂತ ಮನಸ್ಸಿಗೆ ಅನ್ನಿಸುತ್ತದೆ. ನನಗೂ ಮೊದಲ ದಿನ ಹಾಗೇ ಅನ್ನಿಸಿತ್ತು. ಒಂದೇ ರಸ್ತೆಯಲ್ಲಿ ಎರಡು ಸೈಲೆನ್ಸರ್ ಹಾಕಿ ಓಡಿಸಿ ನೋಡಿದಾಗ ವ್ಯತ್ಯಾಸ ಕಂಡದ್ದು ಕಿವಿಗೆ ಮಾತ್ರ.

ನಿಜವಾದ ಲಾಭ ಒಂದಿದೆ, ಅದು ತೂಕ. ಕಂಪನಿ ಸೈಲೆನ್ಸರ್ ಒಳಗೆ ಎರಡು ಮೂರು ಕೋಣೆ, ತೂತಿನ ಪೈಪು, ಹೊರಗೆ ಇನ್ನೊಂದು ತಗಡು, ಹೀಗೆ ಭಾರ ಇರುತ್ತದೆ. ಎರಡೂ ಕಡೆ ಸೈಲೆನ್ಸರ್ ಇರುವ 650 ಸಿ.ಸಿ. ಗಾಡಿಗಳಲ್ಲಿ ಮಫ್ಲರ್ ಜಾಗಕ್ಕೆ ಮಾತ್ರ ಕೂರುವ ಹಗುರವಾದ ಸ್ಲಿಪ್ ಆನ್ ಹಾಕಿದರೆ ಗಾಡಿ ತಳ್ಳುವಾಗಲೇ ಗೊತ್ತಾಗುತ್ತದೆ. ಇನ್ನೊಂದು, ತುಕ್ಕು. ಮಂಗಳೂರು, ಉಡುಪಿ ಕಡೆ ಸಮುದ್ರದ ಗಾಳಿಗೆ ಕ್ರೋಮ್ ಹಾಕಿದ ಸೈಲೆನ್ಸರ್ ಬೇಗ ತುಕ್ಕು ಹಿಡಿದು ತೂತು ಬೀಳುತ್ತದೆ. ಅಂಥವರು ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್‌ನದು ಹಾಕಿಸುವುದು ಸರಿಯಾದ ಕಾರಣವೇ. ಶಬ್ದ ಚೆನ್ನಾಗಿರಲಿ ಅನ್ನುವುದೂ ನನ್ನ ಪ್ರಕಾರ ಸರಿಯಾದ ಕಾರಣವೇ. ಗಂಭೀರವಾದ, ತಗ್ಗಿದ ಶಬ್ದ ಬೇರೆ, ಕಿರುಚುವ ಶಬ್ದ ಬೇರೆ. 80 ಡೆಸಿಬೆಲ್ ಒಳಗೇ ಕೇಳಲು ಹಿತವಾದ ಶಬ್ದ ಕೊಡುವ ಸೈಲೆನ್ಸರ್ ಮಾಡಲು ಬರುತ್ತದೆ, ಮಾಡಿದವರೂ ಇದ್ದಾರೆ. ರಾಯಲ್ ಎನ್‌ಫೀಲ್ಡ್ ಕಂಪನಿಯೇ 2019ರಲ್ಲಿ ತನ್ನ ಬೈಕುಗಳಿಗೆ ನಿಯಮಕ್ಕೆ ಒಳಪಟ್ಟ ಬೇರೆ ಬೇರೆ ಸೈಲೆನ್ಸರ್‌ಗಳನ್ನು ಶೋರೂಮಿನಲ್ಲಿ ಮಾರಲು ಶುರು ಮಾಡಿತು.

ಇನ್ನು ಯಾರೂ ಮಾತಾಡದ ವಿಷಯಕ್ಕೆ ಬರುತ್ತೇನೆ. ಕ್ಯಾಟ್ ಕಾನ್. ಪೂರ್ತಿ ಹೆಸರು ಕ್ಯಾಟಲಿಟಿಕ್ ಕನ್ವರ್ಟರ್. ಜೇನುಗೂಡಿನ ಥರ ಸಣ್ಣ ಸಣ್ಣ ತೂತುಗಳಿರುವ ಒಂದು ತುಂಡು, ಅದರ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನ. ಬಿಸಿ ಹೊಗೆ ಅದರ ಮೂಲಕ ಹೋಗುವಾಗ ಕಾರ್ಬನ್ ಮೊನಾಕ್ಸೈಡ್, ಸುಡದೆ ಉಳಿದ ಪೆಟ್ರೋಲ್, ನೈಟ್ರೋಜನ್ ಆಕ್ಸೈಡ್‌ಗಳು ಕಡಿಮೆ ಅಪಾಯದ ಅನಿಲಗಳಾಗುತ್ತವೆ. ಹೊಗೆಯ ಮಾಲಿನ್ಯಕ್ಕೆ ಮಿತಿ ಹಾಕುವ ಬಿಎಸ್ 6 ನಿಯಮ 2020ರ ಏಪ್ರಿಲ್ 1ರಿಂದ ಬಂತು. ಅಂದಿನಿಂದ ಕ್ಯಾಟ್ ಕಾನ್, ಆಕ್ಸಿಜನ್ ಸೆನ್ಸರ್, ಇಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಇಸಿಯು, ಈ ಮೂರೂ ಒಂದಕ್ಕೊಂದು ಕೈ ಹಿಡಿದುಕೊಂಡು ಕೆಲಸ ಮಾಡುತ್ತಿವೆ. ಬೆಂಡ್ ಪೈಪಿನ ಮೇಲೆ ವೈರ್ ಸಿಕ್ಕಿಸಿಕೊಂಡು ಕೂತಿರುವ ಸಣ್ಣ ಪ್ಲಗ್ಗಿನ ಥರದ್ದು ಇದೆಯಲ್ಲ, ಅದೇ ಆಕ್ಸಿಜನ್ ಸೆನ್ಸರ್. ಹೊಗೆಯಲ್ಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ನೋಡಿ ಪೆಟ್ರೋಲ್ ಜಾಸ್ತಿ ಮಾಡಬೇಕೋ ಕಡಿಮೆ ಮಾಡಬೇಕೋ ಅಂತ ಇಸಿಯುಗೆ ಹೇಳುತ್ತದೆ.

ನಿಮ್ಮ ಗಾಡಿಯಲ್ಲಿ ಕ್ಯಾಟ್ ಕಾನ್ ಎಲ್ಲಿದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಿ. ಸೈಲೆನ್ಸರ್ ಆರಿಸುವಾಗ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇಲ್ಲ. ಕೆಲವು ಗಾಡಿಗಳಲ್ಲಿ ಬೆಂಡ್ ಪೈಪಿನ ನಡುವೆ ಒಂದು ಕಡೆ ಉಬ್ಬಿಕೊಂಡಿರುತ್ತದೆ, ಅದರೊಳಗೆ ಇರುತ್ತದೆ. ಕೆಲವಕ್ಕೆ ಇಂಜಿನ್ ಕೆಳಗಿನ ಡಬ್ಬದಲ್ಲಿ. ಇನ್ನು ಕೆಲವಕ್ಕೆ ಮಫ್ಲರ್ ಒಳಗೇ. ಕ್ಯಾಟ್ ಕಾನ್ ಮುಂದೆಯೇ ಇದ್ದು, ನೀವು ಹಿಂದಿನ ಮಫ್ಲರ್ ಮಾತ್ರ ಬದಲಿಸಿದರೆ, ಅಂದರೆ ಸ್ಲಿಪ್ ಆನ್ ಹಾಕಿದರೆ, ಹೊಗೆ ಶುದ್ಧಿಯಾಗುವುದು ಹಾಗೇ ಇರುತ್ತದೆ, ಇಸಿಯು ಕೂಡ ಸಾಮಾನ್ಯವಾಗಿ ಸಂಭಾಳಿಸಿಕೊಳ್ಳುತ್ತದೆ. ಬೆಂಡ್ ಪೈಪಿನಿಂದ ಹಿಡಿದು ಎಲ್ಲವನ್ನೂ ಬದಲಿಸುವ ಫುಲ್ ಸಿಸ್ಟಮ್ ಹಾಕಿಸಿ ಕ್ಯಾಟ್ ಕಾನ್ ಕಿತ್ತು ಹಾಕಿದಿರೋ, ಆಗ ಗಾಡಿ ನಿಜಕ್ಕೂ ಬೇರೆ ಗಾಡಿ.

ಅಲ್ಲಿಗೆ ಎರಡು ತೊಂದರೆ. ಮೊದಲನೆಯದು, ಊರಿಗೆ ವಿಷ. ಎರಡನೆಯದು, ನಿಮ್ಮ ಇಂಜಿನ್ನಿಗೆ. ಹೊಗೆ ಸಲೀಸಾಗಿ ಹೋದರೆ ಗಾಳಿ ಜಾಸ್ತಿ ಬರುತ್ತದೆ, ಅದಕ್ಕೆ ತಕ್ಕ ಪೆಟ್ರೋಲ್ ಬರದಿದ್ದರೆ ಮಿಶ್ರಣ ತೆಳುವಾಗುತ್ತದೆ. ನಿಧಾನವಾಗಿ ಓಡಿಸುವಾಗ ಸೆನ್ಸರ್ ನೋಡಿಕೊಂಡು ಇಸಿಯು ಸರಿಮಾಡುತ್ತದೆ. ಆದರೆ ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಅದು ಸೆನ್ಸರ್ ಮಾತು ಕೇಳುವುದನ್ನು ಬಿಟ್ಟು, ಮೊದಲೇ ಬರೆದಿಟ್ಟ ಲೆಕ್ಕದ ಪ್ರಕಾರ ಪೆಟ್ರೋಲ್ ಕೊಡುತ್ತದೆ. ಆ ಲೆಕ್ಕ ಕಂಪನಿ ಸೈಲೆನ್ಸರ್‌ಗೆ ಬರೆದದ್ದು. ಈಗ ಇದರ ಜೊತೆಗೆ ಇ20, ಅಂದರೆ ಶೇಕಡ 20 ಎಥನಾಲ್ ಬೆರೆಸಿದ ಪೆಟ್ರೋಲ್ ಸೇರಿಸಿ. ಎಥನಾಲ್‌ನಲ್ಲೇ ಆಕ್ಸಿಜನ್ ಇದೆ, ಹಾಗಾಗಿ ಅದೇ ಪ್ರಮಾಣದ ಇಂಧನ ಹಾಕಿದರೂ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಇ20ಗೆ ಹೊಂದಿಸದ ಹಳೆಯ ಗಾಡಿ, ಮೇಲೆ ಕ್ಯಾಟ್ ಕಾನ್ ಇಲ್ಲದ ಫುಲ್ ಸಿಸ್ಟಮ್, ಮೇಲೆ ಬೇಸಿಗೆಯಲ್ಲಿ ಹೈವೇ ಮೇಲೆ ಒಂದೇ ಸಮನೆ ಓಟ. ಇಂಜಿನ್ ಬಿಸಿಯಾಗದೆ ಇನ್ನೇನಾಗುತ್ತದೆ? ಇದನ್ನು ಸರಿಮಾಡಲು ಬೆಂಗಳೂರಿನ ಪವರ್‌ಟ್ರಾನಿಕ್ ಥರದ ಹೆಚ್ಚುವರಿ ಇಸಿಯುಗಳಿವೆ, ಟ್ರ್ಯಾಕಿಗೆ ಹೋಗುವವರಿಗೆ ಅದು ಒಳ್ಳೆಯ ಸಾಧನ. ದಿನಾ ಆಫೀಸಿಗೆ ಹೋಗುವ ಗಾಡಿಗೆ ಇಷ್ಟೆಲ್ಲ ಯಾಕೆ?

ಆಕ್ಸಿಲರೇಟರ್ ಬಿಟ್ಟಾಗ ಬರುವ ಪಟಾಕಿ ಶಬ್ದವನ್ನು ಕೆಲವರು ಗತ್ತು ಅಂದುಕೊಳ್ಳುತ್ತಾರೆ. ಅದು ಸುಡದ ಪೆಟ್ರೋಲ್ ಪೈಪಿನೊಳಗೆ ಗಾಳಿ ಸಿಕ್ಕಿ ಹೊತ್ತಿಕೊಳ್ಳುವ ಶಬ್ದ. ಎಷ್ಟೋ ಸಲ ಬೆಂಡ್ ಪೈಪಿನ ಜಾಯಿಂಟಲ್ಲಿ ಗಾಳಿ ಎಳೆಯುತ್ತಿದೆ ಅನ್ನುವುದರ ಗುರುತು ಅದು. ಆ ಗಾಳಿ ಸೆನ್ಸರ್‌ನ ಮೇಲೂ ಹಾದುಹೋಗಿ, ಮಿಶ್ರಣ ತೆಳುವಾಗಿದೆ ಅಂತ ಅದು ತಪ್ಪು ತಿಳಿದು, ಇಸಿಯು ಸುಮ್ನೆ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಬಿತ್ತು ಅಂತ ಬರುವ ಎಷ್ಟೋ ಗಾಡಿಗಳ ಕಾಯಿಲೆ ಇದೇ, ಆ ಜಾಯಿಂಟಿನ ಪ್ಯಾಕಿಂಗ್ (ಗ್ಯಾಸ್ಕೆಟ್) ಬದಲಿಸಿದರೆ ವಾಸಿ.

ಆರಿಸುವಾಗ ನಾನು ನೋಡುವುದು ಇಷ್ಟು. ನಿಮ್ಮ ಮಾಡೆಲ್ಲಿಗೆ, ನಿಮ್ಮ ಗಾಡಿಯ ವರ್ಷಕ್ಕೆ ಮಾಡಿದ್ದೇ ಬೇಕು. "ಎಲ್ಲಾ ಗಾಡಿಗೂ ಆಗತ್ತೆ" ಅನ್ನುವುದನ್ನು ಕೊಳ್ಳಬೇಡಿ, ಅದನ್ನು ಕೂರಿಸಲು ಪೈಪ್ ಕತ್ತರಿಸಿ ವೆಲ್ಡಿಂಗ್ ಮಾಡಬೇಕಾಗುತ್ತದೆ, ಆಮೇಲೆ ವಾಪಸ್ ಕಂಪನಿಯದನ್ನು ಹಾಕಲು ಆಗಲ್ಲ. ಶಬ್ದ ತಗ್ಗಿಸಲು ಒಳಗೆ ಕೂರಿಸುವ ತುಂಡು, ಅಂದರೆ ಡಿಬಿ ಕಿಲ್ಲರ್, ಒಂದು ಸ್ಕ್ರೂನಲ್ಲಿ ನಿಂತಿದೆಯಾ, ಗಟ್ಟಿಯಾಗಿ ಕೂತಿದೆಯಾ ನೋಡಿ. ಶಬ್ದ ಹೀರುವ ಗ್ಲಾಸ್ ವೂಲ್ ತುಂಬಿದ್ದಾದರೆ ಅದು ವರ್ಷಗಳು ಕಳೆದ ಹಾಗೆ ಸುಟ್ಟು ಹಾರಿಹೋಗುತ್ತದೆ, ಶಬ್ದ ತಾನಾಗಿ ಜಾಸ್ತಿಯಾಗುತ್ತಾ ಬರುತ್ತದೆ. ಬಿಚ್ಚಿ ಮತ್ತೆ ತುಂಬಲು ಬರುವ ಹಾಗೆ ಹಿಂದಿನ ಮುಚ್ಚಳ ಇರಬೇಕು, ವೆಲ್ಡ್ ಮಾಡಿ ಮುಚ್ಚಿದ್ದಾದರೆ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸ್ಲೊವೇನಿಯಾದ ಹೆಸರಾಂತ ಸೈಲೆನ್ಸರ್ ಕಂಪನಿ ಅಕ್ರಾಪೋವಿಚ್‌ನ ಸ್ಟಿಕ್ಕರ್ ಹಚ್ಚಿದ್ದು ಎರಡು ಮೂರು ಸಾವಿರಕ್ಕೆ ಸಿಕ್ಕಿದರೆ ಅದು ಅಲ್ಲಿಂದ ಬಂದದ್ದಲ್ಲ ಅಂತ ಬೇರೆ ಹೇಳಬೇಕಾಗಿಲ್ಲ. ಆ ನಕಲಿಗಳಲ್ಲಿ ತಗಡು ಎಷ್ಟು ತೆಳು ಅಂದರೆ ಬೆರಳಿನಿಂದ ತಟ್ಟಿದರೆ ಎಣ್ಣೆ ಡಬ್ಬದ ಹಾಗೆ ಕೇಳಿಸುತ್ತದೆ.

ಇನ್ನೊಂದು ಮಾತು, ಇದನ್ನು ಗಂಡಸರು ಮರೆಯುತ್ತಾರೆ. ಹಿಂದೆ ಕೂರುವವರ ಕಾಲು ಎಲ್ಲಿ ಬರುತ್ತದೆ ನೋಡಿ. ಕಂಪನಿ ಸೈಲೆನ್ಸರ್ ಮೇಲೆ ಶಾಖ ತಡೆಯುವ ತಗಡು ಇರುತ್ತದೆ, ಹೊರಗಿನವರು ಮಾಡಿದ ಎಷ್ಟೋ ಆಫ್ಟರ್‌ಮಾರ್ಕೆಟ್ ಸೈಲೆನ್ಸರ್‌ಗಳಲ್ಲಿ ಇರಲ್ಲ. ನನ್ನ ಅಕ್ಕನ ಸೀರೆಯ ಅಂಚು ಅದಕ್ಕೆ ತಗುಲಿ ಅಂಗೈ ಅಗಲ ಕರಗಿ ಅಂಟಿಕೊಂಡಿತ್ತು. ಸಿಂಥೆಟಿಕ್ ಸೀರೆ. ಇಳಿದಾಗ ಎಳೆದುಕೊಂಡಿತು, ಪುಣ್ಯಕ್ಕೆ ಗಾಡಿ ನಿಂತಿತ್ತು. ಕೆಲವು ಗಾಡಿಗಳಲ್ಲಿ ಮೇನ್ ಸ್ಟ್ಯಾಂಡ್ ಬಂದು ತಾಗುವ ರಬ್ಬರ್ ಕೂಡ ಕಂಪನಿ ಸೈಲೆನ್ಸರ್ ಮೇಲೇ ಇರುತ್ತದೆ. ಅದಿಲ್ಲದಿದ್ದರೆ ಸ್ಟ್ಯಾಂಡ್ ಮೇಲೆ ಹೋಗಿ ಚೈನಿಗೋ ಟೈರಿಗೋ ಉಜ್ಜುತ್ತದೆ.

ಈಗ ಕೂರಿಸುವ ವಿಷಯ. ಇಲ್ಲಿ ನಾನು ಒಂದು ದಿನ, ಸಾಕಷ್ಟು ದುಡ್ಡು ಕಳೆದು ಒಂದು ಒಳ್ಳೆಯ ಪಾಠ ಕಲಿತಿದ್ದೇನೆ. ಬೆಂಡ್ ಪೈಪ್ ಇಂಜಿನ್ ಹೆಡ್ಡಿಗೆ ಎರಡು ಸ್ಟಡ್‌ಗಳಲ್ಲಿ, ಅಂದರೆ ತಲೆಯಿಲ್ಲದ ಬೋಲ್ಟ್‌ಗಳಲ್ಲಿ, ನಿಂತಿರುತ್ತದೆ. ಸಾವಿರಾರು ಸಲ ಕಾದು ತಣಿದು, ಮಳೆನೀರು ಕುಡಿದು ಅದರ ನಟ್ಟು ಹಿಡಿದುಕೊಂಡಿರುತ್ತದೆ. ನನ್ನ ಗಾಡಿಯನ್ನು ಒಂದು ಗ್ಯಾರೇಜಿನಲ್ಲಿ, ಓಡಿಸಿಕೊಂಡು ಹೋಗಿ ನಿಲ್ಲಿಸಿದ ಹತ್ತೇ ನಿಮಿಷಕ್ಕೆ, ಸ್ಪ್ಯಾನರಿಗೆ ಉದ್ದ ಪೈಪ್ ಸಿಕ್ಕಿಸಿ ಎಳೆದರು. ಮೊದಲು ಕಿರ್ ಅಂತ ಒಂದು ಶಬ್ದ. ನಟ್ಟು ತಿರುಗುತ್ತಿದೆ ಅಂದುಕೊಂಡೆ. ತಿರುಗಿದ್ದು ಸ್ಟಡ್. ಆಮೇಲೆ ಟಕ್ ಅಂತ ಮುರಿದು ಅರ್ಧ ಹೆಡ್ಡಿನೊಳಗೆ ಉಳಿಯಿತು. ಹೆಡ್ ಅಲ್ಯೂಮಿನಿಯಂ, ಸ್ಟಡ್ ಉಕ್ಕು. ಹುಷಾರಾಗಿ ಡ್ರಿಲ್ ಮಾಡಿ ತೆಗೆಯಬೇಕು, ಡ್ರಿಲ್ ಸ್ವಲ್ಪ ಪಕ್ಕಕ್ಕೆ ಜಾರಿದರೂ ಹೆಡ್ಡಿನೊಳಗಿನ ಮರೆ (ಥ್ರೆಡ್) ಹಾಳಾಯಿತು. ಕೊನೆಗೆ ಲೇತ್ ಅಂಗಡಿಯ ಒಬ್ಬ ಹಿರಿಯರು ಮುರಿದ ತುದಿಯ ಮೇಲೆ ಒಂದು ನಟ್ಟನ್ನು ವೆಲ್ಡ್ ಮಾಡಿ, ಆ ಬಿಸಿಯಲ್ಲೇ ಹಿಂದೆ ಮುಂದೆ ಹಿಂದೆ ಮುಂದೆ ಅಂತ ಕಾಲು ಸುತ್ತಿನಷ್ಟೇ ಆಡಿಸುತ್ತಾ ಅರ್ಧ ಗಂಟೆಯಲ್ಲಿ ತೆಗೆದರು. "ಅವಸರ ಮಾಡಬಾರದು ಸಾರ್, ಅದಾಗಿಯೇ ಬಿಡಬೇಕು" ಅಂದರು.

ಹಾಗಾಗಿ ಇಂಜಿನ್ ಪೂರ್ತಿ ತಣಿದಿರಬೇಕು. ಹಿಂದಿನ ರಾತ್ರಿಯೇ ನಟ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಡಿ. ರಿಂಗ್ ಸ್ಪ್ಯಾನರ್ ಅಥವಾ ಸಾಕೆಟ್ ಹಾಕಿ, ಫಿಕ್ಸ್ ಸ್ಪ್ಯಾನರ್ ಬೇಡ. ಸ್ವಲ್ಪ ಬಿಚ್ಚಿ, ಸ್ವಲ್ಪ ವಾಪಸ್ ತಿರುಗಿಸಿ, ಮತ್ತೆ ಬಿಚ್ಚಿ. ಆಕ್ಸಿಜನ್ ಸೆನ್ಸರಿನ ಕನೆಕ್ಟರ್ ಮೊದಲು ತೆಗೆಯಿರಿ, ವೈರ್ ತಿರುಚಿಕೊಳ್ಳದ ಹಾಗೆ ನೋಡಿಕೊಳ್ಳಿ. ಹಳೆಯ ಪ್ಯಾಕಿಂಗ್ ಎಷ್ಟೇ ಚೆನ್ನಾಗಿ ಕಂಡರೂ ಎಸೆಯಿರಿ. ಅದು ಒಂದು ಸಲ ಒತ್ತಿಕೊಂಡರೆ ಮುಗಿಯಿತು, ಮತ್ತೆ ಸೀಲ್ ಮಾಡಲ್ಲ. ಹೊಸದಕ್ಕೆ ಹೆಚ್ಚೇನೂ ಖರ್ಚಿಲ್ಲ.

ಕೂರಿಸುವಾಗ ಎಲ್ಲ ನಟ್ಟು ಬೋಲ್ಟ್‌ಗಳನ್ನು ಮೊದಲು ಸಡಿಲವಾಗಿ ಹಾಕಬೇಕು. ಪೈಪ್ ತಾನಾಗಿ ತನ್ನ ಜಾಗಕ್ಕೆ ಬರಲಿ. ಹಿಂದಿನ ಮೌಂಟಿನ ತೂತು ಸರಿಯಾಗಿ ಎದುರು ಬರಲಿಲ್ಲ ಅಂತ ಎಳೆದು ಜಗ್ಗಿ ಬೋಲ್ಟ್ ತುರುಕಿದರೆ, ಆ ಜಗ್ಗಾಟ ಯಾವತ್ತಾದರೂ ಒಂದು ದಿನ ಬ್ರ್ಯಾಕೆಟ್ ಬಿರುಕು ಬಿಡುವುದರಲ್ಲಿ ಮುಗಿಯುತ್ತದೆ. ಮುಂದಿನ ಹೆಡ್ ನಟ್ಟುಗಳನ್ನು ಎರಡೂ ಕಡೆ ಸಮನಾಗಿ, ಸ್ವಲ್ಪ ಸ್ವಲ್ಪವೇ ಮೊದಲು ಬಿಗಿ ಮಾಡಿ, ಕೊನೆಗೆ ಹಿಂದಿನ ಮೌಂಟ್. ಎಷ್ಟು ಬಿಗಿ ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ, ಟಾರ್ಕ್ ರೆಂಚ್ ಇರುವವರ ಹತ್ತಿರವೇ ಮಾಡಿಸಿ. ಸ್ಟಾರ್ಟ್ ಮಾಡುವ ಮುಂಚೆ ಇಡೀ ಪೈಪನ್ನು ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಅದು ಪೂರ್ತಿ ಆರಲಿ. ಕೈಯ ಎಣ್ಣೆ ಜಿಡ್ಡು ಇದ್ದರೆ ಬೆರಳಿನ ಗುರುತು ಸುಟ್ಟು ಅಲ್ಲೇ ಕೂತುಬಿಡುತ್ತದೆ, ಮತ್ತೆ ಹೋಗಲ್ಲ. ಆಮೇಲೆ ಜಾಯಿಂಟಿಗೆ ಸೋಪು ನೀರು ಹಚ್ಚಿ, ಗಾಡಿ ಸ್ಟಾರ್ಟ್ ಮಾಡಿದ ತಕ್ಷಣ, ಪೈಪ್ ಕಾಯುವ ಮುಂಚೆ, ಗುಳ್ಳೆ ಬರುತ್ತದಾ ನೋಡಿ. ಸುಮಾರು 100 ಕಿಲೋಮೀಟರ್ ಓಡಿಸಿದ ಮೇಲೆ, ತಣಿದಾಗ, ಮತ್ತೊಮ್ಮೆ ಎಲ್ಲ ನಟ್ಟು ನೋಡಿಕೊಳ್ಳಿ. ತೆಗೆದ ಕಂಪನಿ ಸೈಲೆನ್ಸರನ್ನು ಗುಜರಿಗೆ ಹಾಕಬೇಡಿ. ವಾರಂಟಿಗೆ, ಗಾಡಿ ಮಾರುವಾಗ, ಪೊಲೀಸರು ಬದಲಿಸಿಕೊಂಡು ಬಾ ಅಂದಾಗ, ಎಲ್ಲದಕ್ಕೂ ಅದೇ ಬೇಕು. ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ನಾನು ಹಾಕಿಸಿದ್ದು ನಿಯಮದೊಳಗೆ ಇದೆ ಅಂತ ಟ್ರಾಫಿಕ್ ಪೊಲೀಸರಿಗೆ ತೋರಿಸುವುದು ಹೇಗೆ? ರಸ್ತೆಯ ಬದಿಯಲ್ಲಿ ನಿಂತ ಪೇದೆಗೆ 7.5 ಮೀಟರ್ ದೂರದ ಬಯಲು ಎಲ್ಲಿಂದ ಬರಬೇಕು? ಅವರು ಕಿವಿಯಿಂದ ಕೇಳಿ, ಕಣ್ಣಿಂದ ನೋಡಿ ತೀರ್ಮಾನ ಮಾಡುತ್ತಾರೆ. ಬಿಸಿಲಲ್ಲಿ ನಿಂತು ಕೆಲಸ ಮಾಡುವ ಅವರನ್ನು ದೂರಿ ಪ್ರಯೋಜನವಿಲ್ಲ, ಅವರ ಕೈಗೆ ಬೇರೆ ಏನೂ ಕೊಟ್ಟಿಲ್ಲ. ಎಮಿಷನ್ ಟೆಸ್ಟ್ ಕೇಂದ್ರದಲ್ಲಿ ಹೊಗೆ ಮಾತ್ರ ನೋಡುತ್ತಾರೆ, ಶಬ್ದ ನೋಡುವುದೇ ಇಲ್ಲ. ಎಲ್ಲ ಗಾಡಿಯೂ ಹೇಗೂ ಬಂದು ನಿಲ್ಲುವ ಆ ಜಾಗದಲ್ಲಿ ಒಂದು ಶಬ್ದ ಮೀಟರ್ ಇಟ್ಟಿದ್ದರೆ ಅರ್ಧ ಸಮಸ್ಯೆ ಅಲ್ಲೇ ತೀರುತ್ತಿತ್ತು.

ಯುರೋಪಿನಲ್ಲಿ ಇದಕ್ಕೊಂದು ಸರಳ ವ್ಯವಸ್ಥೆ ಇದೆ. ನಿಂತ ಗಾಡಿಯ ಸೈಲೆನ್ಸರ್ ಬಾಯಿಂದ ಅರ್ಧ ಮೀಟರ್ ದೂರದಲ್ಲಿ, 45 ಡಿಗ್ರಿ ಕೋನದಲ್ಲಿ ಮೈಕ್ ಇಟ್ಟು, ನಿಗದಿಯಾದ ಆರ್‌ಪಿಎಂನಲ್ಲಿ ಅಳೆದ ಅಂಕಿಯನ್ನು ಗಾಡಿಯ ದಾಖಲೆಯಲ್ಲಿ ಬರೆಯುತ್ತಾರೆ. ಪೊಲೀಸರು ಅದೇ ಥರ ರಸ್ತೆಬದಿಯಲ್ಲಿ ಅಳೆದು ಹೋಲಿಸಬಹುದು. ಬದಲಿ ಸೈಲೆನ್ಸರ್ ಮೇಲೆ ವೃತ್ತದೊಳಗೆ 'ಇ' ಅಕ್ಷರ ಮತ್ತು ಒಂದು ಸಂಖ್ಯೆ ಕೊರೆದಿರುತ್ತದೆ, ಅಂದರೆ ಅದು ಇಂಥ ಮಾಡೆಲ್ಲಿಗೆ ಪರೀಕ್ಷೆಯಾಗಿ ಒಪ್ಪಿಗೆ ಪಡೆದದ್ದು. ಆಸ್ಟ್ರಿಯಾದ ಟಿರೋಲ್‌ನ ಕೆಲವು ಗುಡ್ಡದ ರಸ್ತೆಗಳಲ್ಲಿ 2020ರ ಜೂನ್‌ನಿಂದ, ದಾಖಲೆಯಲ್ಲಿ 95 ಡೆಸಿಬೆಲ್‌ಗಿಂತ ಜಾಸ್ತಿ ಇರುವ ಬೈಕುಗಳಿಗೆ ಬೇಸಿಗೆ ಕಾಲದಲ್ಲಿ ಪ್ರವೇಶವನ್ನೇ ನಿಲ್ಲಿಸಿದರು. ಕಠಿಣ ಅನ್ನಿಸಬಹುದು, ಆದರೆ ಅಲ್ಲಿ ಎಲ್ಲರ ಕೈಯಲ್ಲೂ ಒಂದು ಅಂಕಿ ಇದೆ. ನಾವು ವಿದೇಶದಿಂದ ತರಿಸಿದ ಸೈಲೆನ್ಸರ್ ಮೇಲೆ ಆ 'ಇ' ಗುರುತು ಇದ್ದರೂ ಅದನ್ನು ತೋರಿಸಿ ಇಲ್ಲಿ ದಂಡ ತಪ್ಪಿಸಿಕೊಳ್ಳಲು ಆಗಲ್ಲ, ಇಲ್ಲಿನ ಅಂಗಡಿಗಳಲ್ಲಿ ನಾನು ನೋಡಿದ ಯಾವ ಲೋಕಲ್ ಸೈಲೆನ್ಸರ್ ಮೇಲೂ ನಮ್ಮದೇ ಆದ ಅಂಥ ಗುರುತು ಕಂಡಿಲ್ಲ.

ರೋಡ್ ರೋಲರ್ ಹತ್ತಿಸಿದ ಸೈಲೆನ್ಸರುಗಳ ಜಾಗಕ್ಕೆ ಮರುದಿನವೇ ಹೊಸದು ಬರುತ್ತದೆ, ಯಾಕೆಂದರೆ ಕೌಂಟರ್ ತೆರೆದೇ ಇರುತ್ತದೆ. ಎಷ್ಟೋ ಡಬ್ಬಗಳ ಮೇಲೆ ಸಣ್ಣ ಅಕ್ಷರದಲ್ಲಿ "ರಸ್ತೆ ಬಳಕೆಗೆ ಅಲ್ಲ, ಟ್ರ್ಯಾಕಿಗೆ ಮಾತ್ರ" ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ. ಆ ಸಾಲು ಮಾರುವವನನ್ನು ಕಾಪಾಡುತ್ತದೆ. ಅದನ್ನು ಓದದೆ ಅಲ್ಲೇ ಅಂಗಡಿ ಮುಂದೆ ಫುಟ್‌ಪಾತ್ ಮೇಲೆ ಹಾಕಿಸಿಕೊಂಡು ಹೊರಡುವ ಹತ್ತೊಂಬತ್ತರ ಹುಡುಗ ಮುಂದಿನ ಸಿಗ್ನಲ್ಲಿನಲ್ಲಿ ದಂಡ ಕಟ್ಟುತ್ತಾನೆ. ಇಂಥ ಗಾಡಿಗೆ, ಇಷ್ಟು ಡೆಸಿಬೆಲ್, ಕ್ಯಾಟ್ ಕಾನ್ ಇದೆ ಅಥವಾ ಇಲ್ಲ ಅಂತ ಪ್ರತಿ ಸೈಲೆನ್ಸರ್ ಮೇಲೂ ಕೊರೆದಿರಬೇಕು, ಬಿಲ್ಲಿನಲ್ಲೂ ಬರೆಯಬೇಕು ಅಂತ ಒಂದು ನಿಯಮ ಬಂದರೆ ಸಾಕು. ಒಳ್ಳೆಯದನ್ನು ತಯಾರಿಸುವ ಸಣ್ಣ ವರ್ಕ್‌ಶಾಪ್‌ಗಳಿಗೂ ಅದರಿಂದ ಲಾಭವೇ, ಈಗ ಅವರು ನಕಲಿಗಳ ರೇಟಿನ ಜೊತೆ ಗುದ್ದಾಡುತ್ತಿದ್ದಾರೆ.

ಹೋದ ತಿಂಗಳು ಗೆಳೆಯನೊಬ್ಬನಿಗೆ ಸ್ಲಿಪ್ ಆನ್ ಕೊಡಿಸಲು ಜೊತೆಯಲ್ಲಿ ಹೋಗಿದ್ದೆ. ಅಂಗಡಿ ಹುಡುಗ ಒಳ್ಳೆಯವನು, ನಾಲ್ಕು ಥರದ್ದು ತೆಗೆದು ಗಾಜಿನ ಮೇಲಿಟ್ಟ. "ಇದ್ರದ್ದು ಎಷ್ಟು ಡೆಸಿಬೆಲ್ ಬರತ್ತಪ್ಪಾ?" ಅಂತ ಕೇಳಿದೆ. ಅವನು ಡಬ್ಬ ತಿರುಗಿಸಿ ನೋಡಿದ, ಒಳಗಿನ ಚೀಟಿ ನೋಡಿದ. ಆಮೇಲೆ ಮೊಬೈಲ್ ತೆಗೆದು ಒಂದು ವಿಡಿಯೊ ಹಾಕಿ, ವಾಲ್ಯೂಮ್ ಪೂರ್ತಿ ಏರಿಸಿ ನನ್ನ ಕಿವಿಯ ಹತ್ತಿರ ಹಿಡಿದ. "ಕೇಳಿ ಸಾರ್, ಹಿಂಗ್ ಬರತ್ತೆ" ಅಂದ.